ತಳಿಯ ಕಾವಲು: ಮುಧೋಳದ ಬೇಟೆನಾಯಿಯ ಚರಿತ್ರೆಯಿಂದ ಒಂದು ಪಾಠ



"ತಾಯಿಯಂತೆ ಮಗಳು, ನೂಲಿನಂತೆ ಸೀರೆ" ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮದುವೆಯ ಮಾತುಕತೆಯಲ್ಲಿ ನಾವು ಅದನ್ನು ಹೆಚ್ಚಾಗಿ ಆಡುತ್ತೇವಾದರೂ, ಹಳ್ಳಿಯ ಒಕ್ಕಲಿಗನು ದನದ ಜಾತ್ರೆಯಲ್ಲಿಯೂ ಅದನ್ನು ಮರೆಯುವುದಿಲ್ಲ. ಕರುವನ್ನು ಕೊಳ್ಳಹೋದವನು ಮೊದಲು ಹಸುವನ್ನು ನೋಡುತ್ತಾನೆ. ಅದರ ಹಾಲು, ಗೊರಸು, ಸ್ವಭಾವಗಳನ್ನು ವಿಚಾರಿಸುತ್ತಾನೆ. ಕೊನೆಗೆ ಅದನ್ನು ಸಾಕಿದವನು ಎಂಥವನೆಂಬುದನ್ನೂ ತಿಳಿದುಕೊಳ್ಳುತ್ತಾನೆ. ಪಟ್ಟಣಿಗರಾದ ನಾವಾದರೋ ಜಾತಿಯ ನಾಯಿಮರಿಯನ್ನೋ ಉದ್ದಗೂದಲಿನ ಬೆಕ್ಕಿನ ಮರಿಯನ್ನೋ ಮನೆಗೆ ತರಬೇಕೆಂದಾಗ ಈ ಕ್ರಮವನ್ನೆಲ್ಲ ಬದಿಗಿಟ್ಟು, ಒಂದು ಭಾವಚಿತ್ರವನ್ನು ನೋಡಿ, ಬೆಲೆಯನ್ನು ಕೇಳಿ, ಹಣವನ್ನು ಕಳುಹಿಸಿಬಿಡುತ್ತೇವೆ. ಮರಿ ಬರುತ್ತದೆ, ಅದರ ತಾಯಿ ಎಲ್ಲಿ, ಯಾರ ಕೈಯಲ್ಲಿ, ಯಾವ ಸ್ಥಿತಿಯಲ್ಲಿ ಇದೆಯೆಂಬುದು ನಮಗೆ ತಿಳಿಯುವುದೇ ಇಲ್ಲ.

ಇದು ಸಣ್ಣ ಸಂಗತಿಯೆಂದು ತೋರಬಹುದು. ಆದರೆ ಪ್ರಾಣಿಯ ತಳಿಯೆಂಬುದು ಅರಮನೆಯಂತೆ, ದೇವಾಲಯದಂತೆ, ಅನೇಕ ತಲೆಮಾರುಗಳ ಜನರು ಕೂಡಿ ಕಟ್ಟಿದ ವಸ್ತು. ಕಲ್ಲಿನ ಕಟ್ಟಡವು ಕಾವಲಿಲ್ಲದೆಯೂ ಶತಮಾನಗಳ ಕಾಲ ನಿಂತೀತು. ಜೀವದ ಕಟ್ಟಡವು ಕಾವಲು ತಪ್ಪಿದ ಕೆಲವೇ ವರ್ಷಗಳಲ್ಲಿ ಕುಸಿಯುತ್ತದೆ. ನಮ್ಮ ನಾಡಿನದೇ ಆದ ಒಂದು ತಳಿಯನ್ನು, ಮುಧೋಳದ ಬೇಟೆನಾಯಿಯನ್ನು, ಯಾರು ಯಾರು ಹೇಗೆ ಕಾದುಕೊಂಡು ಬಂದರೆಂಬುದನ್ನು ವಿಚಾರಿಸಿದರೆ, ಮರಿಯನ್ನು ಕೊಳ್ಳುವವನು ಮಾರುವವನನ್ನು ಏನು ಕೇಳಬೇಕೆಂಬುದು ತಾನಾಗಿ ತಿಳಿದೀತೆಂದು ನಾವು ನಂಬಿದ್ದೇವೆ.

ಮೊದಲು ಈ ನಾಯಿಯು ಓಡಿದ ನೆಲವನ್ನು ನೋಡೋಣ. ಯಾದಗಿರಿಯ ಕಡೆಯ ಕೊಂಕಲ್, ಶಹಾಪುರ, ಸುರಪುರ, ಇವುಗಳ ಸುತ್ತಣ ಸೀಮೆಯು ಭೀಮೆ ಕೃಷ್ಣೆಯರ ನೀರನ್ನು ಕಂಡದ್ದು. 1948ರವರೆಗೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದದ್ದು. ಜೋಳ ತೊಗರಿಗಳ ಬಯಲು, ನಡುನಡುವೆ ಬಂಡೆಗಲ್ಲಿನ ಗುಡ್ಡ, ಕುರುಚಲು ಕಾಡು, ಕಂಬಳಿ ಹೊದ್ದ ಕುರುಬನ ಹಿಂದೆ ಕುರಿಯ ಹಿಂಡು: ಇದೇ ಅಲ್ಲಿಯ ಚಿತ್ರ. ಸುರಪುರದ ಅರಸರು ಬೇಡ ನಾಯಕರು. ವಾಗಿನಗೇರಿಯ ಕೋಟೆಯಲ್ಲಿ ನಿಂತು ಅವರು ಔರಂಗಜೇಬನ ಸೇನೆಯನ್ನು ತಡೆದದ್ದೂ, 1705ರಲ್ಲಿ ಆ ಮುದಿ ಬಾದಶಹನು ತಾನೇ ಮುಂದೆ ನಿಂತು ಮುತ್ತಿಗೆ ಹಾಕಬೇಕಾಗಿ ಬಂದದ್ದೂ ಚರಿತ್ರೆಯನ್ನೋದಿದವರಿಗೆ ತಿಳಿದ ವಿಷಯ. ಬೇಟೆಯು ಆ ಜನಕ್ಕೆ ವಿನೋದ ಮಾತ್ರವಾಗಿರಲಿಲ್ಲ. ಊಟವೂ ಹೌದು, ಯುದ್ಧದ ಅಭ್ಯಾಸವೂ ಹೌದು.

ಇಂಥ ಬಯಲುಸೀಮೆಯಲ್ಲಿ ಮೂಸಿ ಹುಡುಕುವ ನಾಯಿಗಿಂತ ಕಂಡು ಓಡುವ ನಾಯಿಯೇ ಹೆಚ್ಚು ಉಪಯುಕ್ತ. ಮೊಲವೂ ಕೃಷ್ಣಮೃಗವೂ ಕಣ್ಣಿಗೆ ಬಿದ್ದೊಡನೆ ಬಾಣದಂತೆ ಹೋಗುವ, ಉದ್ದವಾದ ಕಿರಿಮೋರೆಯ, ಆಳವಾದ ಎದೆಯ, ಒಳಕ್ಕೆ ಸೆಳೆದ ಹೊಟ್ಟೆಯ, ನೀಳ ಕಾಲಿನ ನಾಯಿ ದಖ್ಖನಿನಲ್ಲೆಲ್ಲ ಹಬ್ಬಿತು. ಅರಬರ ಸಲೂಕಿ ಮೊದಲಾದ ಬೇಟೆನಾಯಿಗಳ ಹೋಲಿಕೆ ಇದರಲ್ಲಿ ಎದ್ದು ಕಾಣುತ್ತದೆ. ಮಹಾರಾಷ್ಟ್ರದಲ್ಲಿ ಇದನ್ನು ಕಾರವಾನಿ ಎನ್ನುತ್ತಾರೆ. ವರ್ತಕರ ಸಾರ್ಥಗಳ ನೆನಪು ಆ ಹೆಸರಿನಲ್ಲಿ ಉಳಿದಿದೆ. ಕಿವಿ ಬಾಲಗಳಲ್ಲಿ ರೇಷ್ಮೆಯಂಥ ಕೂದಲುಳ್ಳ ಬಗೆಗೆ ಪಶ್ಮಿ ಎಂದು ಹೆಸರು.

ಆ ಕಾಲದಲ್ಲಿ ವಂಶಾವಳಿಯ ಕಾಗದವಿರಲಿಲ್ಲ. ತಳಿಗಾರನೆಂಬ ವೃತ್ತಿಯೂ ಇರಲಿಲ್ಲ. ಹಾಗಾದರೆ ತಳಿಯು ಹೇಗೆ ಉಳಿಯಿತು? ಅದಕ್ಕೆ ಎರಡು ಕಾವಲುಗಳಿದ್ದುವು. ಮೊದಲನೆಯದು ಬಯಲು. ಓಡಲಾರದ ನಾಯಿ, ಕೀಲು ನೋಯುವ ನಾಯಿ, ಕುರಿಯನ್ನೇ ಕಚ್ಚುವ ನಾಯಿ ಬಯಲಿನ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಿರಲಿಲ್ಲ. ಅಂಥದರ ಮರಿಗಳನ್ನು ಯಾರೂ ಬೇಡುತ್ತಿರಲಿಲ್ಲ. ಎರಡನೆಯದು ನೆರೆಹೊರೆಯ ಪರಿಚಯ. ಮರಿಯನ್ನು ಕೊಡುವವನೂ ಕೊಳ್ಳುವವನೂ ಒಂದೇ ಸಂತೆಗೆ ಹೋಗುವವರು. ತಾಯಿನಾಯಿಯನ್ನು ಊರೆಲ್ಲ ಕಂಡಿರುತ್ತಿತ್ತು. ಕೆಟ್ಟ ಮರಿಯನ್ನು ಒಳ್ಳೆಯದೆಂದು ಕೊಟ್ಟವನು ಮುಂದಿನ ಸಂತೆಯಲ್ಲಿ ಮುಖ ತೋರಿಸಬೇಕಾಗುತ್ತಿತ್ತು. ಈ ಎರಡನೆಯ ಕಾವಲು ಸಾಮಾನ್ಯವಾದುದಲ್ಲ. ಯಾವ ಕಾನೂನೂ ಮಾಡಲಾರದ ಕೆಲಸವನ್ನು ಲಜ್ಜೆಯು ಮಾಡುತ್ತಿತ್ತು.

ಮೂರನೆಯ ಕಾವಲು ಅರಮನೆಯಿಂದ ಬಂದಿತು. ಸುರಪುರದಿಂದ ಕೃಷ್ಣೆಯ ಮೇಲ್ಗಡೆಗೆ, ಪಡುವಣ ದಿಕ್ಕಿಗೆ ನಡೆದರೆ, ಅದರ ಉಪನದಿಯಾದ ಘಟಪ್ರಭೆಯ ದಂಡೆಯಲ್ಲಿ ಮುಧೋಳ ಸಿಗುತ್ತದೆ. ಕವಿ ರನ್ನನ ಹೆಸರಿನೊಡನೆ ಸೇರಿದ ಊರದು. ಮುಂದೆ ಘೋರ್ಪಡೆ ಮನೆತನದ ಮರಾಠಾ ಅರಸರ ಚಿಕ್ಕ ಸಂಸ್ಥಾನವಾಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿ ಆಳಿದ ಮಾಲೋಜಿರಾವ್ ಘೋರ್ಪಡೆಯವರು, ಆ ಸೀಮೆಯ ಬೇಡರ ಬಳಿಯಿದ್ದ ಬೇಟೆನಾಯಿಗಳ ಗುಣವನ್ನು ಮೆಚ್ಚಿ, ಉತ್ತಮವಾದುವನ್ನು ಆರಿಸಿ, ಆರಿಸಿದವುಗಳಲ್ಲಿಯೇ ಸಂಯೋಗ ಮಾಡಿಸಿ ತಳಿಯನ್ನು ಗಟ್ಟಿಮಾಡಿದರು. ಐದನೆಯ ಜಾರ್ಜ್ ದೊರೆಗೆ ಈ ನಾಯಿಗಳ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟವರೂ ಅವರೇ. ಅಲ್ಲಿಂದ ಮುಂದೆ ಬಯಲಿನ ನಾಯಿಗೆ ಸಂಸ್ಥಾನದ ಹೆಸರು ಅಂಟಿಕೊಂಡಿತು. ಇಲ್ಲಿ ಒಂದು ಮಾತನ್ನು ನಾವು ಗಮನಿಸಬೇಕು: ಅರಸರು ತಳಿಯನ್ನು ಹುಟ್ಟಿಸಲಿಲ್ಲ. ಹೆಸರಿಲ್ಲದ ಬೇಡರೂ ಕುರುಬರೂ ಆಗಲೇ ಕಟ್ಟಿದ್ದುದನ್ನು ಅವರು ಗುರುತಿಸಿದರು, ಕಾಪಾಡಿದರು. ಒಳ್ಳೆಯ ತಳಿಗಾರನ ಮೊದಲ ಲಕ್ಷಣವೇ ಇದು. ತಾನು ಒಡೆಯನಲ್ಲ, ಪಾರುಪತ್ತೆಗಾರನು ಎಂಬ ಅರಿವು.

ಕಾವಲು ತಪ್ಪಿದರೆ ಏನಾಗುವುದೆಂಬುದಕ್ಕೆ ಮೈಸೂರಿನ ಚರಿತ್ರೆಯಲ್ಲಿಯೇ ದೃಷ್ಟಾಂತವಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂಬ ಹೆಸರಿನಿಂದ ಅರಮನೆಯ ಹಸುಗಳ ಇಲಾಖೆಯೊಂದಿತ್ತು. ಟಿಪ್ಪು ಸುಲ್ತಾನನು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟು, ದನಗಳ ಪಾಲನೆಗೆ ವಿವರವಾದ ನಿಯಮಗಳನ್ನು ಮಾಡಿದನು. 1799ರ ತರುವಾಯ ಆ ಹಿಂಡುಗಳು ಕಂಪೆನಿಯ ವಶವಾದುವು. ಮುಂದೆ ವೆಲಿಂಗ್ಟನ್ ಡ್ಯೂಕನಾದ ಆರ್ಥರ್ ವೆಲೆಸ್ಲಿ ಆ ಎತ್ತುಗಳ ವೇಗವನ್ನೂ ತಾಳ್ಮೆಯನ್ನೂ ಬಹುವಾಗಿ ಹೊಗಳಿದನು. ಹೀಗಿರಲಾಗಿ 1860ರಲ್ಲಿ, ಖರ್ಚನ್ನು ಉಳಿಸಬೇಕೆಂಬ ಒಂದೇ ಕಾರಣದಿಂದ, ಇಲಾಖೆಯನ್ನು ಮುಚ್ಚಿ ಹಿಂಡುಗಳನ್ನು ಮಾರಿಬಿಟ್ಟರು. ಸೈನ್ಯಕ್ಕೆ ಬೇಕಾದಂಥ ಎತ್ತುಗಳು ಪೇಟೆಯಲ್ಲಿ ದೊರೆಯವೆಂಬುದು ಆರು ವರ್ಷದೊಳಗಾಗಿ ಮನವರಿಕೆಯಾಯಿತು. 1866ರಲ್ಲಿ ಇಲಾಖೆಯನ್ನು ಮತ್ತೆ ತೆರೆದು, ಚದುರಿದ್ದ ದನಗಳಲ್ಲಿ ಉತ್ತಮವಾದುವನ್ನು ಹುಡುಕಿ ತರಬೇಕಾಯಿತು. ಮಾರುವುದು ಒಂದು ದಿನದ ಕೆಲಸ. ಮರಳಿ ಕೂಡಿಸುವುದು ತಲೆಮಾರಿನ ಕೆಲಸ.

ಮುಧೋಳದ ನಾಯಿಗೂ ಇಂಥ ಕಾಲ ಬಂದಿತು. 1948ರಲ್ಲಿ ಮುಧೋಳ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅರಮನೆಯ ಆಶ್ರಯ ಹೋಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣೆಯ ಕಾಯಿದೆ ಬಂದು ಬೇಟೆಯನ್ನು ಕಟ್ಟಿಹಾಕಿತು. ಕೃಷ್ಣಮೃಗವು ಬದುಕಬೇಕಾದರೆ ಆ ಕಾಯಿದೆ ಬೇಕಾಗಿತ್ತು. ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರೊಡನೆ ನಾಯಿಯ ಹಳೆಯ ಪರೀಕ್ಷಕನಾದ ಬಯಲು ಕೆಲಸದಿಂದ ನಿವೃತ್ತವಾಯಿತು. ಇನ್ನು ಮರಿಗಳು ರೈಲಿನಲ್ಲಿಯೂ ಮೋಟಾರಿನಲ್ಲಿಯೂ ದೂರದ ಪಟ್ಟಣಗಳಿಗೆ ಹೋಗತೊಡಗಿದ ಮೇಲೆ ನೆರೆಹೊರೆಯ ಲಜ್ಜೆಯೆಂಬ ಕಾವಲೂ ಸಡಿಲವಾಯಿತು. ಬಯಲಿಲ್ಲ, ಅರಮನೆಯಿಲ್ಲ, ಪರಿಚಯವಿಲ್ಲ. ಉಳಿದದ್ದು ಸಾಕುವವನ ಮನಸ್ಸಾಕ್ಷಿಯೊಂದೇ.

ಕಾಗದವಿದೆಯಲ್ಲ ಎಂದು ಯಾರಾದರೂ ಕೇಳಬಹುದು. ವಂಶಾವಳಿಯ ಕಾಗದದ ಚರಿತ್ರೆಯೂ ಕುತೂಹಲಕರವಾದುದೇ. ಇಂಗ್ಲೆಂಡಿನಲ್ಲಿ ಪಂದ್ಯದ ಕುದುರೆಗಳ ವಂಶಪುಸ್ತಕವು 1791ರಲ್ಲಿ ಮೊದಲು ಅಚ್ಚಾಯಿತು. ಅದನ್ನು ಅಚ್ಚು ಹಾಕಿಸಲು ಕಾರಣವೇನೆಂದರೆ, ಸುಳ್ಳು ವಂಶಾವಳಿಗಳು ಹೆಚ್ಚುತ್ತಿದ್ದುವೆಂಬುದು. ನಾಯಿಗಳಿಗಾಗಿ ಲಂಡನ್ನಿನ ಕೆನಲ್ ಕ್ಲಬ್ಬು ಸ್ಥಾಪಿತವಾದದ್ದು 1873ರಲ್ಲಿ. ಹೀಗೆ ಕಾಗದವು ಹುಟ್ಟಿದ್ದೇ ಅವಿಶ್ವಾಸದಿಂದ. ಅದು ಪರಿಚಯಕ್ಕೆ ಬದಲಾಗಿ ಬಂದ ಸಾಧನ. ಮರಿಯು ಯಾವುದರ ಮಗ, ಯಾವುದರ ಮೊಮ್ಮಗ ಎಂಬುದನ್ನು ಕಾಗದ ಹೇಳಬಲ್ಲದು. ತಾಯಿಯು ಸರಪಳಿಯಲ್ಲಿ ನವೆಯುತ್ತಿದೆಯೆ, ವರ್ಷಕ್ಕೆರಡು ಬಾರಿ ಮರಿ ಹಾಕಿ ಬಳಲಿದೆಯೆ, ಮರಿಯು ಮನುಷ್ಯರ ಕೈಯನ್ನು ಕಂಡಿದೆಯೆ ಎಂಬುದನ್ನು ಅದು ಹೇಳಲಾರದು. ಮುಧೋಳದ ನಾಯಿಯ ವಿಷಯದಲ್ಲಂತೂ ಹೆಸರೇ ಎರಡು. ನಮ್ಮ ದೇಶದ ಒಂದು ಕೆನಲ್ ಸಂಘದ ದಫ್ತರದಲ್ಲಿ ಅದು ಕಾರವಾನ್ ಹೌಂಡ್, ಇನ್ನೊಂದರಲ್ಲಿ ಮುಧೋಳ ಹೌಂಡ್.

ಈಚಿನ ವರ್ಷಗಳಲ್ಲಿ ಈ ನಾಯಿಗೆ ಮತ್ತೆ ಮನ್ನಣೆ ಬಂದಿದೆಯೆಂಬುದು ಸಂತೋಷದ ಸಂಗತಿ. 2005ರ ಜನವರಿ 9ರಂದು ಅಂಚೆ ಇಲಾಖೆಯು ದೇಶದ ನಾಲ್ಕು ನಾಯಿತಳಿಗಳ ಅಂಚೆಚೀಟಿಗಳನ್ನು ಹೊರಡಿಸಿದಾಗ ಅವುಗಳಲ್ಲಿ ಮುಧೋಳವೂ ಒಂದಾಗಿತ್ತು. ಬೀದರಿನ ಪಶುವೈದ್ಯ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರವು ನಡೆಯುತ್ತಿದೆ. ತಳಿಯನ್ನು ಶುದ್ಧವಾಗಿ ಬೆಳೆಸುವುದೂ ಅಲ್ಲಿಯ ಸಾಕಣೆದಾರರಿಗೆ ತಿಳಿವಳಿಕೆ ಕೊಡುವುದೂ ಅದರ ಕೆಲಸ. 2016ರಲ್ಲಿ ಅಲ್ಲಿಯ ಮರಿಗಳು ತರಬೇತಿಗಾಗಿ ಮೀರತ್ತಿನ ಸೈನ್ಯ ಕೇಂದ್ರವನ್ನು ಸೇರಿದುವು. ಕರ್ನಾಲಿನ ರಾಷ್ಟ್ರೀಯ ಪ್ರಾಣಿ ತಳಿ ಸಂಸ್ಥೆಯೂ ತನ್ನ ಪಟ್ಟಿಯಲ್ಲಿ ಮುಧೋಳಕ್ಕೆ ಸ್ಥಾನ ಕೊಟ್ಟಿತು. 2020ರ ಆಗಸ್ಟಿನಲ್ಲಿ ಪ್ರಧಾನಮಂತ್ರಿಗಳು ಆಕಾಶವಾಣಿಯ ಭಾಷಣದಲ್ಲಿ ಇದರ ಹೆಸರನ್ನೆತ್ತಿದ ಮೇಲೆ ದೇಶದ ಮೂಲೆಮೂಲೆಗಳಿಂದ ಕೇಳಿಕೆ ಬಂದಿತು. ಮುಧೋಳ ಸೀಮೆಯ ಅನೇಕ ರೈತ ಕುಟುಂಬಗಳಿಗೆ ಮರಿಗಳ ಮಾರಾಟವು ಬರಗಾಲದಲ್ಲಿ ಕೈಹಿಡಿಯುವ ಆದಾಯ. ನಾವು ಅದನ್ನು ಹಗುರವಾಗಿ ಕಾಣಲಾಗದು.

ಆದರೆ ಕೀರ್ತಿಯೆಂಬುದು ತಳಿಗೆ ಬರಗಾಲಕ್ಕಿಂತಲೂ ದೊಡ್ಡ ಪರೀಕ್ಷೆ. ಬೇಡಿಕೆ ಏರಿದಾಗ ಹೆಣ್ಣುನಾಯಿಯನ್ನು ಪ್ರತಿಯೊಂದು ಬೆದೆಯಲ್ಲಿಯೂ ಗಬ್ಬಗೊಳಿಸುವ ಆಸೆ ಹುಟ್ಟುತ್ತದೆ. ತಾಯಿಯ ಹಾಲು ಬಿಡುವ ಮುನ್ನವೇ ಮರಿಯನ್ನು ಸಾಗಿಸುವ ಆತುರ ಹುಟ್ಟುತ್ತದೆ. ಬೇರೆ ಓಟದ ನಾಯಿಗಳೊಡನೆ ಬೆರಸಿ, ಹುಟ್ಟಿದ್ದನ್ನೆಲ್ಲ ಮುಧೋಳವೆಂದು ಮಾರುವ ಧೈರ್ಯವೂ ಹುಟ್ಟುತ್ತದೆ. ಇದನ್ನು ತಡೆಯಬಲ್ಲವರು ಇಬ್ಬರೇ: ಹಾಗೆ ಮಾಡೆನೆನ್ನುವ ಸಾಕಣೆದಾರ, ಹಾಗೆ ಮಾಡಿದವನಿಂದ ಕೊಳ್ಳೆನೆನ್ನುವ ಗಿರಾಕಿ.

ನಾಯಿಗಾದರೂ ಒಂದು ಕಾಲಕ್ಕೆ ಬಯಲಿನ ಪರೀಕ್ಷೆಯಿತ್ತು. ಜಾತಿಯ ಬೆಕ್ಕಿಗೆ ಅದೂ ಇರಲಿಲ್ಲ. ಇಲಿ ಹಿಡಿಯುವ ನಮ್ಮ ಮನೆಬೆಕ್ಕು ತನ್ನ ಬದುಕನ್ನು ತಾನೇ ಗೆದ್ದುಕೊಂಡು ಬಂದದ್ದು. ಪ್ರದರ್ಶನದ ಬೆಕ್ಕಾದರೋ ಮನುಷ್ಯನ ಕಣ್ಣಿಗಾಗಿ ಮಾತ್ರ ರೂಪುಗೊಂಡದ್ದು. ಲಂಡನ್ನಿನ ಸ್ಫಟಿಕ ಭವನದಲ್ಲಿ 1871ರ ಜುಲೈ 13ರಂದು ಹ್ಯಾರಿಸನ್ ವಿಯರ್ ಎಂಬ ಚಿತ್ರಕಾರನು ಬೆಕ್ಕುಗಳ ದೊಡ್ಡ ಪ್ರದರ್ಶನವನ್ನು ನಡೆಸಿದನು. ಕಡೆಗಣಿಸಲ್ಪಟ್ಟ ಈ ಪ್ರಾಣಿಯನ್ನು ಜನ ಪ್ರೀತಿಯಿಂದ ಕಾಣಲೆಂಬುದೇ ಅವನ ಉದ್ದೇಶ. 1887ರಲ್ಲಿ ಸ್ಥಾಪಿತವಾದ ಬೆಕ್ಕಿನ ಸಂಘಕ್ಕೆ ಅವನೇ ಮೊದಲ ಅಧ್ಯಕ್ಷ. ಕೆಲವೇ ವರ್ಷಗಳಲ್ಲಿ, ಸದಸ್ಯರಿಗೆ ಬೆಕ್ಕಿನ ಕ್ಷೇಮಕ್ಕಿಂತ ಪದಕಗಳ ಮೇಲೆಯೇ ಹೆಚ್ಚು ಮೋಹವೆಂದು ನೊಂದು ಅವನು ಆ ಪದವಿಯನ್ನು ಬಿಟ್ಟನು.

ಅವನ ನೋವು ನಿಷ್ಕಾರಣವಾಗಿರಲಿಲ್ಲವೆಂಬುದನ್ನು ಮುಂದಿನ ಕಾಲ ತೋರಿಸಿತು. 1961ರಲ್ಲಿ ಸ್ಕಾಟ್ಲೆಂಡಿನ ಹೊಲಮನೆಯೊಂದರ ಬಳಿ ಕಿವಿ ಮಡಿಸಿದ ಬಿಳಿಯ ಬೆಕ್ಕೊಂದು ಸಿಕ್ಕಿತು. ಅದರ ಸಂತಾನದಿಂದ ಸ್ಕಾಟಿಷ್ ಫೋಲ್ಡ್ ಎಂಬ ತಳಿಯನ್ನು ಮಾಡಿದರು. ನೋಡುವವರಿಗೆ ಆ ಮಡಿಸಿದ ಕಿವಿ ಮುದ್ದು. ಆದರೆ ಕಿವಿಯ ಮೃದ್ವಸ್ಥಿಯನ್ನು ಬಾಗಿಸುವ ದೋಷವೇ ಕಾಲುಗಳ ಕೀಲುಗಳಲ್ಲಿಯೂ ಕೆಲಸ ಮಾಡಿ, ಪ್ರಾಣಿಗೆ ಜನ್ಮವೆಲ್ಲ ನೋವನ್ನು ಕೊಡುತ್ತದೆ. ಬ್ರಿಟನ್ನಿನ ಬೆಕ್ಕಿನ ಮಂಡಲಿಯು 1970ರ ದಶಕದಲ್ಲಿಯೇ ಈ ತಳಿಯ ದಾಖಲೆಯನ್ನು ನಿಲ್ಲಿಸಿತು. ಮಾರಾಟವಾದರೋ ಜಗತ್ತಿನಲ್ಲಿ ನಿಂತಿಲ್ಲ. ನಮ್ಮ ನಗರಗಳಲ್ಲಿ ಹೆಚ್ಚಾಗಿ ಕೊಳ್ಳುವ ಪರ್ಷಿಯನ್ ಬೆಕ್ಕಿನದು ಇನ್ನೊಂದು ಕಥೆ. ಮೂತ್ರಪಿಂಡದಲ್ಲಿ ನೀರುಗುಳ್ಳೆಗಳೆದ್ದು ಕ್ರಮವಾಗಿ ಅದನ್ನು ಕೆಡಿಸುವ ರೋಗವೊಂದು ಆ ವಂಶದಲ್ಲಿ ಹರಿದುಬಂದಿದೆ. ಹಲವು ದೇಶಗಳ ಸಮೀಕ್ಷೆಗಳಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚಿನ ಪರ್ಷಿಯನ್ ಬೆಕ್ಕುಗಳಲ್ಲಿ ಅದು ಕಂಡುಬಂದಿತು. ತಂದೆತಾಯಿಗಳಲ್ಲಿ ಒಂದಕ್ಕೆ ದೋಷವಿದ್ದರೂ ಸಾಕು, ಪ್ರತಿಯೊಂದು ಮರಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಇದಕ್ಕೆ ಕಾರಣವಾದ ಜೀನು 2004ರಲ್ಲಿ ಪತ್ತೆಯಾಯಿತು. ಅಂದಿನಿಂದ ಪರೀಕ್ಷೆ ಮಾಡಿಸಿ, ದೋಷವಿಲ್ಲದ ಜೋಡಿಯನ್ನೇ ಕೂಡಿಸಿದರೆ ರೋಗವನ್ನು ವಂಶದಿಂದ ತೊಡೆಯಲು ಸಾಧ್ಯವಾಗಿದೆ. ಮಾಡಿಸುವವನು ಜವಾಬ್ದಾರ, ಮಾಡಿಸದೆ ಮಾರುವವನು ವ್ಯಾಪಾರಿ. ಮರಿಯ ಮುಖವನ್ನು ನೋಡಿದರೆ ಇಬ್ಬರ ಭೇದ ತಿಳಿಯದು.

ಹಾಗಾದರೆ ತಿಳಿಯುವುದು ಹೇಗೆ? ಬಯಲೂ ಅರಮನೆಯೂ ಹಳ್ಳಿಯ ಪರಿಚಯವೂ ಮಾಡುತ್ತಿದ್ದ ಕೆಲಸವನ್ನು ಇಂದು ಕೊಳ್ಳುವವನ ಪ್ರಶ್ನೆಗಳೇ ಮಾಡಬೇಕು. ಮೊದಲನೆಯದಾಗಿ, ಮರಿಯು ಹುಟ್ಟಿದ ಮನೆಗೇ ಹೋಗಿ ತಾಯಿಯನ್ನು ಕಾಣಬೇಕು. ತಾಯಿ ಬೇರೆ ಊರಿನಲ್ಲಿದೆ, ಮಲಗಿದೆ, ನೋಡಲಾಗದು ಎನ್ನುವ ಕಡೆಯಿಂದ ಬರಿಗೈಯಲ್ಲಿ ಹಿಂದಿರುಗುವುದೇ ಲೇಸು. ತಾಯಿಯ ಮೈಕಟ್ಟು, ಅದರ ಅಂಜಿಕೆ ಅಥವಾ ಸ್ನೇಹ, ಅದು ಇರುವ ಜಾಗದ ನಿರ್ಮಲತೆ, ಇವು ಯಾವ ಕಾಗದಕ್ಕಿಂತಲೂ ಸತ್ಯವಾದ ವಂಶಾವಳಿ. ಎರಡನೆಯದಾಗಿ, ಆ ಹೆಣ್ಣಿಗೆ ವಯಸ್ಸೆಷ್ಟು, ಇದು ಎಷ್ಟನೆಯ ಸೂಲು, ಹಿಂದಿನದಾಗಿ ಎಷ್ಟು ಕಾಲವಾಯಿತು ಎಂದು ಕೇಳಬೇಕು. ಮೂರನೆಯದಾಗಿ, ಆ ತಳಿಗೆ ಬರುವ ರೋಗಗಳಾವುವು, ತಂದೆತಾಯಿಗಳಿಗೆ ಪರೀಕ್ಷೆಯಾಗಿದೆಯೆ ಎಂದು ಕೇಳಬೇಕು. "ನಮ್ಮಲ್ಲಿ ಅಂಥದೇನೂ ಇಲ್ಲ" ಎನ್ನುವವನಿಗಿಂತ "ಇಂಥದು ಬರುವುದುಂಟು, ಅದಕ್ಕಾಗಿ ಹೀಗೆ ಮಾಡಿದ್ದೇವೆ" ಎನ್ನುವವನನ್ನು ನಂಬಬಹುದು.

ಮರಿಯ ವಯಸ್ಸಿನ ವಿಚಾರದಲ್ಲಿ ಆತುರ ಸಲ್ಲದು. 2017ರ ನಾಯಿ ಸಾಕಣೆ ಮತ್ತು ಮಾರಾಟದ ನಿಯಮಗಳಂತೆ ತಳಿಗಾರನು ರಾಜ್ಯದ ಪ್ರಾಣಿಕಲ್ಯಾಣ ಮಂಡಲಿಯಲ್ಲಿ ನೋಂದಾಯಿತನಾಗಿರಬೇಕು. ಎಂಟು ವಾರ ತುಂಬದ ನಾಯಿಮರಿಯನ್ನು ಮಾರಕೂಡದು. ಪ್ರಾಣಿಗಳನ್ನು ಮಾರುವ ಅಂಗಡಿಗಳಿಗೂ 2018ರ ನಿಯಮಗಳಂತೆ ನೋಂದಣಿ ಬೇಕು. ಬೆಕ್ಕಿನ ಮರಿಯನ್ನು ಹನ್ನೆರಡು ಹದಿಮೂರು ವಾರಗಳವರೆಗೆ ತಾಯಿಯ ಬಳಿಯಲ್ಲಿಯೇ ಬಿಡುವುದು ಒಳ್ಳೆಯ ಸಾಕಣೆದಾರರ ಪದ್ಧತಿ. ಇದು ಬರಿಯ ಮಮತೆಯ ಮಾತಲ್ಲ. ಹುಟ್ಟಿದ ಎರಡನೆಯ ವಾರದಿಂದ ಏಳನೆಯ ವಾರದವರೆಗೆ ಬೆಕ್ಕಿನ ಮರಿಯು ಏನನ್ನು ಕಾಣುವುದೋ ಅದನ್ನೇ ತನ್ನ ಲೋಕವೆಂದು ಒಪ್ಪಿಕೊಳ್ಳುತ್ತದೆ. ಆ ದಿನಗಳಲ್ಲಿ ಮನುಷ್ಯರ ಕೈ, ಮಕ್ಕಳ ಸದ್ದು, ಮನೆಯ ವ್ಯವಹಾರ ಪರಿಚಯವಾದರೆ ಜನ್ಮವೆಲ್ಲ ಸ್ನೇಹಮಯವಾಗಿರುತ್ತದೆ. ಪಂಜರದಲ್ಲಿ ಕಳೆದರೆ ಅಂಜಿಕೆಯು ಬೇರೂರುತ್ತದೆ. ಆದುದರಿಂದ ನಾವು ಮರಿಯನ್ನು ಕೊಳ್ಳುವಾಗ, ನಾವು ಕಾಣದ ಆ ಕೆಲವು ವಾರಗಳನ್ನೂ ಕೊಂಡಂತೆಯೇ ಸರಿ.

ಕೊನೆಯ ಲಕ್ಷಣವೊಂದಿದೆ, ಅದು ಮಿಕ್ಕೆಲ್ಲವುಗಳಿಗಿಂತ ಖಚಿತವಾದದ್ದು. ಒಳ್ಳೆಯ ಸಾಕಣೆದಾರನು ನಮ್ಮನ್ನೂ ಪ್ರಶ್ನಿಸುತ್ತಾನೆ. ಮನೆ ಎಂಥದು, ಹಗಲಿನಲ್ಲಿ ಯಾರಿರುತ್ತಾರೆ, ಹಿಂದೆ ಪ್ರಾಣಿಗಳನ್ನು ಸಾಕಿದ್ದೀರಾ, ಪರವೂರಿಗೆ ಹೋದರೆ ಏನು ಮಾಡುತ್ತೀರಿ ಎಂದು ಕೇಳುತ್ತಾನೆ. ಸಾಕಲಾಗದಿದ್ದರೆ ಬೀದಿಗೆ ಬಿಡದೆ ತನಗೇ ಹಿಂದಿರುಗಿಸಬೇಕೆಂದು ಕರಾರು ಮಾಡುತ್ತಾನೆ. ಒಮ್ಮೊಮ್ಮೆ ಕೊಡಲಾರೆನೆಂದೂ ಹೇಳುತ್ತಾನೆ. ಓಡುವುದಕ್ಕಾಗಿಯೇ ಹುಟ್ಟಿದ ಮುಧೋಳದ ನಾಯಿಯನ್ನು ಮೂರನೆಯ ಅಂತಸ್ತಿನ ಎರಡು ಕೋಣೆಯ ಮನೆಗೆ ಕೊಡೆನೆನ್ನುವವನು ಗಿರಾಕಿಯನ್ನು ಅವಮಾನಿಸುವುದಿಲ್ಲ, ತಳಿಯನ್ನು ಕಾಯುತ್ತಾನೆ. ಹಣ ಕೈಯಲ್ಲಿದ್ದರೂ ಕೊಡೆನೆಂಬ ಮಾತನ್ನು ಕೇಳಿದಾಗ ನಾವು ಕೋಪಿಸಿಕೊಳ್ಳದೆ ಅವನ ವಿಳಾಸವನ್ನು ಬರೆದಿಟ್ಟುಕೊಳ್ಳಬೇಕು.

ಚರಿತ್ರೆಯಿಂದ ನಾವು ಕಲಿಯಬೇಕಾದದ್ದು ಇಷ್ಟು. ಯಾವ ತಳಿಯನ್ನೂ ಅರಸನೊಬ್ಬನೇ ಆಗಲಿ ಸಾಕಣೆದಾರನೊಬ್ಬನೇ ಆಗಲಿ ಮಾಡಲಿಲ್ಲ. ಯಾವ ಮರಿಯನ್ನು ಬೇಕೆಂದರು, ಯಾವುದನ್ನು ಬೇಡವೆಂದರು ಎಂಬುದರಿಂದ ಅದನ್ನು ಮಾಡಿದವರು ಕೊಳ್ಳುವ ಜನವೇ. ಕುರುಬನು ಕೀಲುನೋವಿನ ನಾಯಿಯ ಮರಿಯನ್ನು ಬೇಡವೆಂದುದರಿಂದ ದಖ್ಖನಿನ ನಾಯಿಗೆ ಗಟ್ಟಿ ಕಾಲುಗಳು ಉಳಿದುವು. ಪಟ್ಟಣಿಗನು ಮಡಿಸಿದ ಕಿವಿಯನ್ನು ಬೇಕೆಂದುದರಿಂದ ಬೆಕ್ಕಿನ ಕೀಲುಗಳಿಗೆ ನೋವು ಬಂದಿತು. ನಾವು ಕೊಡುವ ಹಣವು ಮುಂದಿನ ಸೂಲನ್ನು ಆರಿಸುತ್ತದೆ. ಆದುದರಿಂದ ಮುಂದೆ ಒಂದು ಮರಿಯನ್ನು ಮನೆಗೆ ತರುವ ಯೋಚನೆ ಬಂದಾಗ, ಬೆಲೆಯನ್ನು ಕೇಳುವ ಮುನ್ನ ತಾಯಿಯನ್ನು ತೋರಿಸಿರೆಂದು ಕೇಳೋಣ. ಕಾಯುವ ಸಾಕಣೆದಾರನು ಬಾಗಿಲನ್ನು ತೆರೆದೇ ತೆರೆಯುತ್ತಾನೆ.